ಮಣ್ಣು ಉಳಿಸುವ ಖರ್ಚು ಯಾರ ಲೆಕ್ಕಕ್ಕೆ?

ಆಗಸ್ಟ್ ತಿಂಗಳಲ್ಲಿ ನಾಡೆಲ್ಲ ಹಸಿರಾಗಿರುವಾಗ ವಿಜಯಪುರ ಜಿಲ್ಲೆಯ ಎಷ್ಟೋ ಎರಿ (ಕಪ್ಪು ಮಣ್ಣಿನ) ಹೊಲಗಳು ಕರ್ರಗೆ ಮಲಗಿರುತ್ತವೆ. ತೊಗರಿ ಬಿತ್ತಿದ್ದು, ಕಾಲುವೆ ನೀರು ಹಾಯುವ ಕಬ್ಬು, ಬೋರ್‌ವೆಲ್ ಆಸರೆಯ ದ್ರಾಕ್ಷಿ, ನಿಂಬೆ ಬಿಟ್ಟರೆ ಉಳಿದ ನೆಲದಲ್ಲಿ ಹುಲ್ಲುಕಡ್ಡಿಯೂ ಕಾಣದು. ಪಾಳು ಬಿದ್ದ ಹೊಲಗಳಲ್ಲ ಇವು. ಕುಂಟೆ ಹೊಡೆದು, ಕಸ ತೆಗೆದು, ಹರಗಿ ಹದ ಮಾಡಿಟ್ಟ ಹೊಲಗಳು. ಹಿಂಗಾರಿ ಬಿಳಿಜೋಳಕ್ಕೆ, ಕಡಲೆಗೆ ಕಾದಿವೆ. ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್ ಮೊದಲಿಗೋ ಕೂರಿಗೆ ಹೂಡುವವರೆಗೆ ಬಿದ್ದ ಮಳೆಯನ್ನೆಲ್ಲ ನೆಲ ಕುಡಿದಿಟ್ಟುಕೊಳ್ಳಬೇಕು. ಆಮೇಲೆ ಮಳೆ ಬರಲಿ ಬಿಡಲಿ, ಆ ಹಸಿಯ ಮೇಲೇ ಜೋಳ ತೆನೆ ಕಟ್ಟಬೇಕು.

ಲೆಕ್ಕ ಚೆನ್ನಾಗಿಯೇ ಇದೆ. ತೊಡಕಿರುವುದು ಮಳೆಯ ಸ್ವಭಾವದಲ್ಲಿ. ಇಲ್ಲಿ ವರ್ಷಕ್ಕೆ ಬೀಳುವುದು 600 ಮಿ.ಮೀ. ಆಸುಪಾಸು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನದು, ಅದೂ ನಾಲ್ಕಾರು ಜೋರು ಮಳೆಗಳಲ್ಲಿ ಬಂದು ಮುಗಿಯುವಂಥದ್ದು. ಒಣಗಿದಾಗ ಕೈ ಹೋಗುವಷ್ಟು ಬಿರುಕು ಬಿಡುವ ಎರಿ ಮಣ್ಣು ಒದ್ದೆಯಾದೊಡನೆ ಉಬ್ಬಿ ತನ್ನ ಬಾಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ಬೀಳುವ ಪ್ರತಿ ದಪ್ಪ ಹನಿ ಮಣ್ಣಿನ ಸಣ್ಣ ಹೆಂಟೆಯನ್ನು ಒಡೆಯುತ್ತದೆ. ಒಡೆದ ನುಣ್ಣನೆ ಪುಡಿ ರಂಧ್ರಗಳಲ್ಲಿ ಕೂತು ಮೇಲ್ಮೈಗೆ ಗಾರೆ ಹಚ್ಚಿದಂತಾಗುತ್ತದೆ. ಇನ್ನು ಒಳಗಿಳಿಯಲಾರದ ನೀರು ಇಳಿಜಾರು ಹುಡುಕುತ್ತದೆ. ನೂರು ಅಡಿಗೆ ಒಂದಡಿ ಇಳಿತವಿದ್ದರೂ ಅದಕ್ಕೆ ಸಾಕು. ಹೋಗುವಾಗ ಕಲ್ಲು ಮರಳನ್ನು ಬಿಟ್ಟು ಹಗುರವಾದದ್ದನ್ನು ಮೊದಲು ಎತ್ತಿಕೊಳ್ಳುತ್ತದೆ: ಜೇಡಿ, ಕೊಳೆತ ಎಲೆ, ಕಳೆದ ಬೇಸಿಗೆಯಲ್ಲಿ ಹೇರಿದ ತಿಪ್ಪೆ ಗೊಬ್ಬರ. ತೇವ ಹಿಡಿದಿಡಲೆಂದು ಬೋಳಾಗಿಸಿದ ಹೊಲ ತೇವವನ್ನೂ ಕಳೆದುಕೊಂಡು ಮಣ್ಣನ್ನೂ ಕಳೆದುಕೊಳ್ಳುತ್ತದೆ.

ಎಷ್ಟು ಹೋಗುತ್ತದೆ? ದೇಶದ ಮಟ್ಟಿಗೆ ಇಂದಿಗೂ ಎಲ್ಲರೂ ಎತ್ತಿ ಹೇಳುವುದು 1983ರಲ್ಲಿ ಧ್ರುವನಾರಾಯಣ ಮತ್ತು ರಾಮ್ ಬಾಬು ಎಂಬ ವಿಜ್ಞಾನಿಗಳು ಮಾಡಿದ ಅಂದಾಜನ್ನು: ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 16 ಟನ್‌ಗಿಂತ ತುಸು ಹೆಚ್ಚು. ಹೊಲದ ಭಾಷೆಗೆ ತಂದರೆ ಎಕರೆಗೆ ಆರೂವರೆ ಟನ್. ಮನೆ ಕಟ್ಟಿಸಿದವರಿಗೆ ಗೊತ್ತಿರುವ ಅಳತೆಯಲ್ಲಿ ಎರಡು ಬ್ರಾಸಿಗೆ ಸ್ವಲ್ಪ ಕಡಿಮೆ. ಅಷ್ಟು ಮಣ್ಣನ್ನು ಯಾರಾದರೂ ರಾತ್ರಿ ಟ್ರ್ಯಾಕ್ಟರ್ ತಂದು ತುಂಬಿಕೊಂಡು ಹೋದರೆ ಊರಲ್ಲಿ ಬಡಿದಾಟವಾಗುತ್ತದೆ, ಪೊಲೀಸ್ ಠಾಣೆಯವರೆಗೆ ಹೋಗುತ್ತದೆ. ಅದೇ ಮಣ್ಣು ಮಳೆಗೆ ಹೋದರೆ ಇಡೀ ಎಕರೆಯಲ್ಲಿ ಒಂದು ಮಿ.ಮೀ.ಗಿಂತ ಚೂರು ಹೆಚ್ಚು ಕಡಿಮೆಯಾದಂತೆ, ಅಷ್ಟೆ. ಕಣ್ಣಿಗೆ ಕಾಣುವುದಿಲ್ಲ, ಆ ವರ್ಷದ ಇಳುವರಿಯಲ್ಲೂ ಗೊತ್ತಾಗುವುದಿಲ್ಲ. ಸವಕಳಿಯ ಎಲ್ಲ ಕಷ್ಟದ ಮೂಲ ಇಲ್ಲಿದೆ. ಮಣ್ಣು ಹೋಗುವುದನ್ನು ತಡೆಯುವ ಖರ್ಚು ಈ ವರ್ಷದ್ದು, ಒಬ್ಬನದ್ದು. ತಡೆಯದಿದ್ದರೆ ಆಗುವ ನಷ್ಟ ಮುಂದಿನ ಇಪ್ಪತ್ತು ವರ್ಷದ್ದು, ಮೊಮ್ಮಕ್ಕಳದ್ದು, ಕೆಳಗಿನ ಹೊಲದವರದ್ದು, ಅಣೆಕಟ್ಟಿನದ್ದು.

ಅಣೆಕಟ್ಟಿನ ಮಾತು ಬಂತು. 1953ರಲ್ಲಿ ನೀರು ನಿಲ್ಲಿಸಿದಾಗ ತುಂಗಭದ್ರಾ ಜಲಾಶಯಕ್ಕೆ 132 ಟಿಎಂಸಿ ಅಡಿಗೂ ಹೆಚ್ಚು ಸಾಮರ್ಥ್ಯವಿತ್ತು. ಈಗಿನ ಲೆಕ್ಕ ಸುಮಾರು 105. ನಡುವಿನದೆಲ್ಲ ಹೂಳು, ಅಂದರೆ ಮೇಲಿನ ಜಿಲ್ಲೆಗಳ ಹೊಲ, ಗುಡ್ಡ, ಕಾಡಿನ ಮಣ್ಣು. ಹೋದ ಸಂಗ್ರಹಕ್ಕೆ ಬದಲಾಗಿ ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟುವ ಸಾವಿರಾರು ಕೋಟಿ ರೂಪಾಯಿಯ ಪ್ರಸ್ತಾವದ ಚರ್ಚೆ ವರ್ಷಗಳಿಂದ ನಡೆದಿದೆ. ಇತ್ತ ರೈತರು ಬೇಸಿಗೆಯಲ್ಲಿ ಬಾಡಿಗೆ ಟ್ರ್ಯಾಕ್ಟರಿನಲ್ಲಿ ಕೆರೆ ಹೂಳನ್ನು ಮತ್ತೆ ಹೊಲಕ್ಕೆ ಹೇರುತ್ತಾರೆ. ಹೋಗುವಾಗ ಪುಕ್ಕಟೆ ಹೋದದ್ದು ಬರುವಾಗ ಟ್ರಿಪ್ಪಿಗಿಷ್ಟು ಎಂದು ಬರುತ್ತದೆ.

ಹಾಗಾದರೆ ರೈತರಿಗೆ ತಿಳಿಯದೆ? ‘ಜಾಗೃತಿ ಮೂಡಿಸಬೇಕು’ ಎಂಬ ಮಾತು ಕೃಷಿ ಮೇಳದ ಪ್ರತಿ ವೇದಿಕೆಯಲ್ಲೂ ಕೇಳಿಬರುತ್ತದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಮಣ್ಣು ಹೋಗುತ್ತದೆಂದು ಎರಿ ನೆಲದ ರೈತನಿಗೆ ಯಾವ ಅಧಿಕಾರಿಗಿಂತಲೂ ಚೆನ್ನಾಗಿ ಗೊತ್ತು. ಹೊಲದ ಯಾವ ಮೂಲೆಯಲ್ಲಿ ಜೋಳ ಮೊಣಕಾಲೆತ್ತರಕ್ಕೇ ನಿಲ್ಲುತ್ತದೆ, ಯಾವ ತಗ್ಗಿನಲ್ಲಿ ಆಳೆತ್ತರ ಬೆಳೆಯುತ್ತದೆ, ಯಾಕೆ ಎಂದು ಅವನು ಬೆರಳಿಟ್ಟು ತೋರಿಸುತ್ತಾನೆ. ಅವನಿಗೆ ತಿಳಿವಳಿಕೆ ಕೊಡಲು ಹೊರಟ ಎಂಬತ್ತು ವರ್ಷಗಳ ಕಥೆಯನ್ನು ಒಮ್ಮೆ ತಿರುವಿ ಹಾಕಿದರೆ, ತಿಳಿವಳಿಕೆ ಬೇಕಾಗಿದ್ದುದು ಹೆಚ್ಚಾಗಿ ಇನ್ನೊಂದು ಕಡೆಗೆ ಎನಿಸುತ್ತದೆ.

ವಿಜಯಪುರ, ಧಾರವಾಡ, ಬೆಳಗಾವಿ ಸ್ವಾತಂತ್ರ್ಯಕ್ಕೆ ಮೊದಲು ಮುಂಬೈ ಪ್ರಾಂತ್ಯದಲ್ಲಿದ್ದವು. 1930ರ ದಶಕದಲ್ಲೇ ಒಣ ಬೇಸಾಯದ ಸಂಶೋಧನೆಗೆಂದು ಸೊಲ್ಲಾಪುರ, ವಿಜಯಪುರ, ಬಳ್ಳಾರಿ ಬಳಿಯ ಹಗರಿ, ರಾಯಚೂರುಗಳಲ್ಲಿ ಕೇಂದ್ರಗಳು ಶುರುವಾದವು. 1942ರಲ್ಲಿ ಪ್ರಾಂತ್ಯ ಸರ್ಕಾರ ಭೂ ಸುಧಾರಣಾ ಯೋಜನೆಗಳ ಕಾಯ್ದೆ ತಂದಿತು. ಅದರ ಬಲದಿಂದ ಸಮಪಾತಳಿ ಒಡ್ಡುಗಳ ದೊಡ್ಡ ಕೆಲಸ ನಡೆಯಿತು. ಸಮಪಾತಳಿ ಎಂದರೆ ಒಂದೇ ಎತ್ತರದ ಬಿಂದುಗಳನ್ನು ಕೂಡಿಸಿ ಎಳೆದ ಗೆರೆ. ನೀರು ಆ ಗೆರೆಗೆ ಬಂದು ನಿಂತು ಇಂಗಬೇಕು. ಕಾಗದದ ಮೇಲೆ ತಪ್ಪೇ ಇಲ್ಲ.

ಹೊಲದಲ್ಲಿ ಆದದ್ದು ಬೇರೆ. ಎತ್ತರದ ಗೆರೆಗೆ ಯಾರ ಹೊಲ ಎಲ್ಲಿ ಮುಗಿಯುತ್ತದೆ ಎಂಬುದು ಗೊತ್ತಿಲ್ಲ. ಅದು ಒಬ್ಬನ ಹೊಲವನ್ನು ಓರೆಯಾಗಿ ಕೊಯ್ದು ಇನ್ನೊಬ್ಬನ ಹೊಲಕ್ಕೆ ನುಗ್ಗುತ್ತದೆ. ಒಡ್ಡಿನ ಆ ಕಡೆ ಎರಡು ಗುಂಟೆಯ ಮೂಲೆ, ಈ ಕಡೆ ಮೂರು ಗುಂಟೆಯ ಕೊಂಡಿ ಉಳಿದರೆ ಎತ್ತು ತಿರುಗಿಸುವುದಕ್ಕೂ ಜಾಗವಿಲ್ಲ. ಒಡ್ಡು ಕೂತ ನೆಲ ಬೆಳೆಗಿಲ್ಲ. ಅದರ ಮೇಲೆ ಕರಿಕೆ ಹಬ್ಬಿ ಹೊಲಕ್ಕಿಳಿಯುತ್ತದೆ, ಇಲಿ ಬಿಲ ತೋಡುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಎರಿ ಮಣ್ಣಿನದೇ. ಮಳೆಗಾಲದಲ್ಲಿ ಒಡ್ಡಿನ ಮೇಲ್ಬದಿ ನೀರು ದಿನಗಟ್ಟಲೆ ನಿಂತು ಬೆಳೆ ಹಳದಿಯಾಗುತ್ತದೆ. ಬೇಸಿಗೆಯಲ್ಲಿ ಒಡ್ಡೇ ಬಿರಿಯುತ್ತದೆ. ಮುಂದಿನ ವರ್ಷದ ಮೊದಲ ದೊಡ್ಡ ಮಳೆಗೆ ಬಿರುಕಿನಲ್ಲಿ ನೀರು ನುಗ್ಗಿ ಒಡ್ಡು ಕಿತ್ತುಹೋದರೆ, ಇಡೀ ಹೊಲದಲ್ಲಿ ಹಂಚಿ ಹರಿಯಬೇಕಿದ್ದ ನೀರು ಒಂದೇ ಕಂಡಿಯಲ್ಲಿ ಧುಮುಕಿ ಕೆಳಗಿನವನ ಹೊಲದಲ್ಲಿ ಕೊರಕಲು ತೆಗೆಯುತ್ತದೆ. ಒಡ್ಡು ಇಲ್ಲದಿದ್ದರೇ ವಾಸಿಯಿತ್ತು ಎನ್ನುವ ಸ್ಥಿತಿ. ರೈತರು ವರ್ಷಕ್ಕಿಷ್ಟಿಷ್ಟು ಉತ್ತು ಒಡ್ಡು ಅಳಿಸಿದರು. ಕಡತದಲ್ಲಿ ಅದಕ್ಕೆ ‘ನಿರ್ವಹಣೆಯ ಕೊರತೆ’ ಎಂದು ಹೆಸರಾಯಿತು.

ಆಳ ಎರಿ ನೆಲಕ್ಕೆ ಸಮಪಾತಳಿ ಒಡ್ಡು ಒಗ್ಗುವುದಿಲ್ಲ, ಸ್ವಲ್ಪ ಇಳಿತ ಕೊಟ್ಟು ಹೆಚ್ಚುವರಿ ನೀರನ್ನು ಹುಲ್ಲು ಬೆಳೆಸಿದ ಕಾಲುವೆಗೆ ದಾಟಿಸುವ ಒಡ್ಡು ಬೇಕು ಎಂದು ಮುಂದೆ ಸಂಶೋಧನೆಯೇ ಹೇಳಿತು. 1954ರಲ್ಲಿ ಬಳ್ಳಾರಿಯಲ್ಲಿ ಶುರುವಾದ ಮಣ್ಣು ಸಂರಕ್ಷಣಾ ಕೇಂದ್ರ ಈ ಕೆಲಸದಲ್ಲಿ ಮುಖ್ಯವಾದದ್ದು. ಆದರೆ ಹೆಚ್ಚುವರಿ ನೀರು ದಾಟಬೇಕಾದ ಆ ಹುಲ್ಲುಗಾಲುವೆ ಯಾರ ಹೊಲದಲ್ಲಿ ಹೋಗಬೇಕು? ಈ ಪ್ರಶ್ನೆಗೆ ಉತ್ತರಿಸುವ ಉಪಕರಣ ಯಾವ ಸಂಶೋಧನಾ ಕೇಂದ್ರದಲ್ಲೂ ಇಲ್ಲ. ಅಣ್ಣತಮ್ಮಂದಿರ ಹಿಸ್ಸೆಯನ್ನೇ ನೋಡಿ. ಮೇಲಿನ ಮಡ್ಡಿ ಒಬ್ಬನಿಗೆ, ಕೆಳಗಿನ ಆಳ ಎರಿ ಇನ್ನೊಬ್ಬನಿಗೆ ಎಂದು ಹಂಚಿದರೆ ಅನ್ಯಾಯ. ಹಾಗಾಗಿ ಹೊಲವನ್ನು ಮೇಲಿಂದ ಕೆಳಗೆ ಉದ್ದುದ್ದ ಪಟ್ಟಿಯಾಗಿ ಸೀಳುತ್ತಾರೆ, ಎಲ್ಲರಿಗೂ ಒಳ್ಳೆಯದರಲ್ಲಿ ಕೆಟ್ಟದ್ದರಲ್ಲಿ ಸಮಪಾಲು. ಮನೆತನದ ನ್ಯಾಯ ಉಳಿಯಿತು. ಆದರೆ ಇಳಿಜಾರಿಗೆ ಅಡ್ಡವಾಗಿ ಬಿತ್ತಬೇಕೆಂಬ ಮಣ್ಣಿನ ನಿಯಮ ಮುರಿಯಿತು. ಐವತ್ತಡಿ ಅಗಲದ ಪಟ್ಟಿಯಲ್ಲಿ ಅಡ್ಡ ಹೊಡೆಯುವುದೆಂದರೆ ಟ್ರ್ಯಾಕ್ಟರಿನವನು ನಿಮಿಷಕ್ಕೊಮ್ಮೆ ತಿರುಗಿಸಬೇಕು. ಎಕರೆ ಲೆಕ್ಕದ ಬಾಡಿಗೆಗೆ ಬಂದವನು ಅದಕ್ಕೆ ಒಪ್ಪುವುದಿಲ್ಲ, ಗಂಟೆ ಲೆಕ್ಕಕ್ಕೆ ಬಂದರೆ ಬಿಲ್ಲು ಏರುತ್ತದೆ. ಎತ್ತುಗಳಿದ್ದ ಕಾಲದಲ್ಲಿ ಇಷ್ಟು ಕಷ್ಟವಿರಲಿಲ್ಲ. ಎತ್ತು ಕಡಿಮೆಯಾದದ್ದು ಮಣ್ಣು ಸಂರಕ್ಷಣೆಯ ಚರಿತ್ರೆಯಲ್ಲಿ ಒಂದು ಘಟನೆ, ಅದನ್ನು ಹಾಗೆ ಬರೆದವರು ಕಡಿಮೆ.

ಒಣಭೂಮಿಯ ರೈತರು ತಾವಾಗಿಯೇ ಮಣ್ಣು ಹೇಗೆ ಉಳಿಸುತ್ತಾರೆ ಎಂದು ಕೇಳಿದವರೂ ಇದ್ದರು. ಜಾನ್ ಕೆರ್ ಮತ್ತು ಎನ್.ಕೆ. ಸಂಘಿ 1992ರಲ್ಲಿ ಪ್ರಕಟಿಸಿದ ಅಧ್ಯಯನ ಈ ದಿಕ್ಕಿನಲ್ಲಿ ಬಹಳ ಹೆಸರಾದದ್ದು. ಅವರು ಕಂಡದ್ದು ಇಷ್ಟು: ರೈತ ಒಡ್ಡು ಹಾಕುತ್ತಾನೆ, ಆದರೆ ತನ್ನ ಸರಹದ್ದಿನ ಮೇಲೆ. ಒಂದೇ ವರ್ಷದಲ್ಲಿ ಪೂರ್ತಿ ಹಾಕುವುದಿಲ್ಲ. ಬೇಸಿಗೆಯಲ್ಲಿ ಕೈ ಬಿಡುವಾದಾಗ ಒಂದಿಷ್ಟು ಎಂದು ವರ್ಷಗಟ್ಟಲೆ ಏರಿಸುತ್ತ ಹೋಗುತ್ತಾನೆ. ನೀರು ಹರಿಯುವ ತಗ್ಗಿಗೆ ಕಲ್ಲಿನ ಅಡ್ಡಗಟ್ಟೆ ಹಾಕಿ ಮೇಲಿನಿಂದ ಬರುವ ಮಣ್ಣನ್ನು ಹಿಡಿದು ಹೊಸ ನೆಲವನ್ನೇ ಮಾಡಿಕೊಳ್ಳುತ್ತಾನೆ. ಮಣ್ಣು ‘ಉಳಿಸುವ’ ಉತ್ಸಾಹಕ್ಕಿಂತ ಮಣ್ಣು ‘ಗಳಿಸುವ’ ಉತ್ಸಾಹ ದೊಡ್ಡದು, ಅದು ಸಹಜವೂ ಹೌದು. ಉತ್ತರ ಕರ್ನಾಟಕದ ಹಳ್ಳದ ದಂಡೆಗಳಲ್ಲಿ ಇಂಥ ಅಡ್ಡಗಟ್ಟೆಯ ಹಿಂದೆ ತುಂಬಿಕೊಂಡ, ಊರಿಗೇ ಒಳ್ಳೆಯದೆನಿಸಿದ ಹೊಲಗಳು ಬೇಕಾದಷ್ಟಿವೆ. ಯಾವ ಇಲಾಖೆಯೂ ಅವನ್ನು ಕಟ್ಟಿಸಲಿಲ್ಲ.

ಇನ್ನೊಂದು ಪ್ರಯೋಗ ಹೈದರಾಬಾದ್ ಬಳಿಯ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯದು. ಮುಂಗಾರಿನಲ್ಲಿ ಎರಿ ನೆಲ ಬೋಳು ಬಿಡುವ ಪದ್ಧತಿಗೆ ಎದುರಾಗಿ, ಅಗಲ ಏರುಮಡಿ ಮಾಡಿ ನಡುವೆ ಸಾಲು ಬಿಟ್ಟು, ಎರಡೂ ಹಂಗಾಮಿನಲ್ಲಿ ಬೆಳೆ ಇಟ್ಟ ಹೊಲವನ್ನು 1976ರಿಂದ ದಶಕಗಳ ಕಾಲ ಅಕ್ಕಪಕ್ಕ ಅಳೆದರು. ಹಳೆಯ ಪದ್ಧತಿಯಲ್ಲಿ ಹೆಕ್ಟೇರಿಗೆ ಸರಾಸರಿ 1.1 ಟನ್ ಧಾನ್ಯ, ಹೊಸದರಲ್ಲಿ 5.1 ಟನ್. ಕೊಚ್ಚಿಹೋಗುವ ಮಣ್ಣು ನಾಲ್ಕನೆಯ ಒಂದು ಭಾಗಕ್ಕೆ ಇಳಿಯಿತು. ಅಲ್ಲಿ ಮಳೆ ವಿಜಯಪುರಕ್ಕಿಂತ ಹೆಚ್ಚು ಎಂಬುದನ್ನು ಮರೆಯಬಾರದು. ಆದರೂ ಇಂಥ ಫಲಿತಾಂಶ ಕಂಡ ಮೇಲೆ ರೈತರು ಮುಗಿಬೀಳಬೇಕಿತ್ತಲ್ಲ? ಬೀಳಲಿಲ್ಲ. ಏರುಮಡಿ ಮಾಡಲು ಬೇಕಾದ ಗಾಲಿಯ ಉಪಕರಣದ ಬೆಲೆ ಸಣ್ಣ ರೈತನ ಕೈಗೆಟುಕುವಂತಿರಲಿಲ್ಲ. ಇಂಥ ಉಪಕರಣಗಳ ಲೋಕದಾದ್ಯಂತದ ಕಥೆಯನ್ನು ಪಾಲ್ ಸ್ಟಾರ್ಕಿ 1988ರಲ್ಲಿ ಪುಸ್ತಕವಾಗಿಸಿದರು. ‘ಪರಿಪೂರ್ಣ, ಆದರೂ ತಿರಸ್ಕೃತ’ ಎಂಬುದು ಅದರ ಉಪಶೀರ್ಷಿಕೆಯ ಸಾರ. ಸಂಶೋಧನಾ ತಾಕಿನಿಂದ ರೈತನ ಹೊಲದವರೆಗಿನ ದಾರಿಯಲ್ಲಿ ಸತ್ತುಹೋದ ನೂರಾರು ಶಿಫಾರಸುಗಳ ಗೋರಿಗೆ ಇದೇ ಬರಹ ಸಾಕು.

ಇದೇ ಎರಿ ನೆಲದಲ್ಲಿ ಗೆದ್ದದ್ದು ಚೌಕು ಮಡಿ. ಜುಲೈ ಆಗಸ್ಟಿನಲ್ಲಿ ಹೊಲದ ಉದ್ದಗಲಕ್ಕೆ ಗೇಣೆತ್ತರದ ಸಣ್ಣ ಬದುಗಳನ್ನು ಎಳೆದು, ಹತ್ತು ಹದಿನೈದು ಅಡಿಯ ಚೌಕಗಳನ್ನಾಗಿ ಮಾಡುವುದು. ಬಿದ್ದ ಮಳೆ ಬಿದ್ದಲ್ಲೇ ನಿಲ್ಲುತ್ತದೆ. ಬಿತ್ತುವ ಹೊತ್ತಿಗೆ ಒಂದು ಸಲ ಕುಂಟೆ ಹಾಯಿಸಿದರೆ ಎಲ್ಲ ಸಮ. ಇದಕ್ಕೆ ಪಕ್ಕದವನ ಒಪ್ಪಿಗೆ ಬೇಡ, ಎಂಜಿನಿಯರ್ ಬೇಡ, ನೆಲ ಹೋಗುವುದಿಲ್ಲ, ಲಾಭ ಅದೇ ಹಿಂಗಾರಿಯಲ್ಲಿ ಕೈಗೆ ಬರುತ್ತದೆ. ಒಡ್ಡು ಸೋತ ಊರಿನಲ್ಲೇ ಮಡಿ ಗೆದ್ದದ್ದಕ್ಕೆ ಈ ಕಾರಣಗಳಿಗಿಂತ ಬೇರೆ ಗುಟ್ಟು ಇದ್ದಂತಿಲ್ಲ.

ಈಗ ಹೊದಿಕೆ ಬೆಳೆಗೆ ಬರೋಣ. ನೆಲ ಬೋಳಾಗಿರುವ ತಿಂಗಳುಗಳಲ್ಲಿ ಅದರ ಮೇಲೆ ಏನಾದರೊಂದು ಹಸಿರು ಹಾಸುವುದು, ಹನಿ ಎಲೆಯ ಮೇಲೆ ಬಿದ್ದು ನೆಲಕ್ಕೆ ಜಾರುವಂತೆ ಮಾಡುವುದು, ಬೇರು ನೆಲವನ್ನು ಹಿಡಿಯುವಂತೆ ನೋಡಿಕೊಳ್ಳುವುದು. ದ್ವಿದಳದ್ದಾದರೆ ಸಾರಜನಕ ಬೇರೆ ಸಿಗುತ್ತದೆ. ಎರಿ ನೆಲಕ್ಕೆ ಪುಸ್ತಕ ಹೇಳುವ ಬೆಳೆ ಸೆಣಬು. ಜೂನ್ ಮಳೆಗೆ ಬಿತ್ತಿ, ಹೂವಾಡುವ ಮೊದಲು, ಸುಮಾರು 45 ದಿನಕ್ಕೆ ಮಣ್ಣಿಗೆ ಸೇರಿಸಿಬಿಟ್ಟರೆ ಸೆಪ್ಟೆಂಬರಿನ ಹೊತ್ತಿಗೆ ಕೊಳೆತು ಜೋಳಕ್ಕೆ ಗೊಬ್ಬರ. ವಿಜ್ಞಾನ ಸರಿಯಾಗಿದೆ. ಆದರೆ ಹೊಲದಲ್ಲಿ ನಿಂತು ಈ ಮಾತು ಹೇಳಿದರೆ ಎದುರಿಗೆ ಬರುವ ಪ್ರಶ್ನೆ ಒಂದೇ: ‘ಸೆಣಬು ಬಿತ್ತಿದ್ರ ಮನಿಗೆ ಏನ್ ಬರತೈತ್ರೀ ಸಾಹೇಬ್ರ?’

ಈ ಪ್ರಶ್ನೆಯನ್ನು ಅಜ್ಞಾನ ಎಂದು ತಳ್ಳಿಹಾಕುವಂತಿಲ್ಲ. ಬೀಜಕ್ಕೆ ದುಡ್ಡು, ಬಿತ್ತಲು ದುಡ್ಡು, ಮುರಿದು ಮಣ್ಣಿಗೆ ಸೇರಿಸಲು ರೋಟಾವೇಟರ್ ಬಾಡಿಗೆ. ಜುಲೈಯಲ್ಲಿ ಮಳೆ ಕೈಕೊಟ್ಟರೆ ಸೆಣಬು ನೆಲದ ಹಸಿಯನ್ನು ತಾನೇ ಕುಡಿದುಬಿಡುತ್ತದೆ. ಆಗಸ್ಟಿನಲ್ಲಿ ಮಳೆ ಬರದಿದ್ದರೆ ಮುರಿದದ್ದು ಕೊಳೆಯುವುದಿಲ್ಲ, ಅರೆಬೆಂದ ಕಡ್ಡಿಯ ಮೇಲೆ ಜೋಳ ಬಿತ್ತಬೇಕಾಗುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಬರ ಬರುವ ಸೀಮೆಯಲ್ಲಿ ಇದು ಜೂಜು, ಆಡಬೇಕಾದವನು ರೈತ. ಹಿಂದೆ ಈ ಸೀಮೆಯಲ್ಲಿ ಸೆಣಬು ಇರಲಿಲ್ಲವೆಂದಲ್ಲ. ಜೋಳದ ಹೊಲದ ಅಂಚಿನಲ್ಲಿ ಸೆಣಬು, ಪುಂಡಿ ಹಾಕುತ್ತಿದ್ದರು. ಅದರ ನಾರಿನಿಂದ ಎತ್ತಿನ ಹಗ್ಗ, ಮಿಣಿ ಹೊಸೆಯುತ್ತಿದ್ದರು. ನೈಲಾನ್ ಹಗ್ಗ ಅಂಗಡಿಗೆ ಬಂದ ಮೇಲೆ, ಎತ್ತೂ ಹೋದ ಮೇಲೆ ಆ ಕಾರಣ ಹೋಯಿತು. ಮನೆಗೆ ಏನೋ ಒಂದು ಬರುತ್ತಿದ್ದಷ್ಟು ದಿನ ಸೆಣಬು ಹೊಲದಲ್ಲಿತ್ತು.

ಗದಗ, ಧಾರವಾಡ ಜಿಲ್ಲೆಗಳ ಎರಿ ನೆಲದಲ್ಲಿ ಈ ಪ್ರಶ್ನೆಗೆ ರೈತರೇ ಉತ್ತರ ಕಂಡುಕೊಂಡಿದ್ದಾರೆ. ಅದು ಹೆಸರುಕಾಳಿನ ಬೆಳೆ. ಜೂನ್‌ನಲ್ಲಿ ಬಿತ್ತಿದರೆ ಅರವತ್ತು ಎಪ್ಪತ್ತು ದಿನಕ್ಕೆ ಕಾಳು ಕೈಗೆ. ಮಳೆಗಾಲದ ಮುಖ್ಯ ತಿಂಗಳುಗಳಲ್ಲಿ ಹೊಲ ಹಸಿರು ಹೊದ್ದಿರುತ್ತದೆ, ಬೇರಿನ ಗಂಟಿನಲ್ಲಿ ಸಾರಜನಕ ಉಳಿಯುತ್ತದೆ, ಗಣೇಶ ಚತುರ್ಥಿಯ ಹೊತ್ತಿಗೆ ಕೈಯಲ್ಲಿ ನಾಲ್ಕು ಕಾಸು, ಆಮೇಲೆ ಅದೇ ಹೊಲದಲ್ಲಿ ಹಿಂಗಾರಿ ಕಡಲೆ, ಜೋಳ. ಯಾರೂ ಇದನ್ನು ಹೊದಿಕೆ ಬೆಳೆ ಎಂದು ಕರೆಯುವುದಿಲ್ಲ. ಯಾವ ಯೋಜನೆಯ ಫಲಕವೂ ಹೊಲದಲ್ಲಿಲ್ಲ. ಶುದ್ಧ ಹಸಿರೆಲೆ ಗೊಬ್ಬರದಷ್ಟು ಸತ್ವ ನೆಲಕ್ಕೆ ಇದರಿಂದ ಸಿಗದು ಎನ್ನುವ ಆಕ್ಷೇಪ ನಿಜ. ಆದರೆ ಬಿತ್ತದೇ ಉಳಿದ ಸೆಣಬಿಗಿಂತ ಬಿತ್ತಿದ ಹೆಸರು ಮಣ್ಣಿಗೆ ಎಷ್ಟೋ ಮೇಲು. ಹೆಸರಿಗಿರುವ ಶತ್ರು ಎಂದರೆ ಕೊಯ್ಲಿನ ಹೊತ್ತಿನ ಮಳೆ ಮತ್ತು ಮಾರುಕಟ್ಟೆ. ಕಾಯಿ ಒಣಗುವಾಗ ಜಡಿಮಳೆ ಹಿಡಿದರೆ ಕಾಳು ಕಪ್ಪಾಗಿ ದರ ಬೀಳುತ್ತದೆ. ಹೊಸ ಕಾಳು ಎಪಿಎಂಸಿಗೆ ಬರುವ ವಾರಗಳಲ್ಲಿ ದರ ಬೆಂಬಲ ಬೆಲೆಗಿಂತ ಕೆಳಗಿಳಿದರೆ, ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಣ್ಣ ರೈತ ಮಾರಿ ಮುಗಿಸಿರುತ್ತಾನೆ. ಹೆಸರು ಖರೀದಿ ಕೇಂದ್ರವನ್ನು ಸಕಾಲಕ್ಕೆ ತೆರೆಯುವುದು ಮಣ್ಣು ಸಂರಕ್ಷಣೆಯ ಕೆಲಸ ಎಂದರೆ ಇಲಾಖೆಗಳು ನಗಬಹುದು. ಆದರೆ ಆ ಹೊಲ ಮುಂದಿನ ಜೂನ್‌ನಲ್ಲಿ ಹಸಿರಾಗುವುದೋ ಬೋಳಾಗುವುದೋ ಎಂಬುದನ್ನು ಯಾವ ತರಬೇತಿ ಶಿಬಿರಕ್ಕಿಂತಲೂ ಹೆಚ್ಚಾಗಿ ನಿರ್ಧರಿಸುವುದು ಅದೇ.

ಹಳೆ ಮೈಸೂರಿನ ರಾಗಿ ಹೊಲಕ್ಕೆ ಈ ಪಾಠ ಹೊಸದಲ್ಲ. ಅಲ್ಲಿ ಅಕ್ಕಡಿ ಸಾಲು ಇತ್ತು. ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಹರಳು. ರಾಗಿ ಕೊಯ್ದ ಮೇಲೂ ಅವರೆ ಇಬ್ಬನಿ ಕುಡಿದುಕೊಂಡು ಹಬ್ಬಿ ನೆಲವನ್ನು ಮುಚ್ಚಿರುತ್ತಿತ್ತು. ಅದರ ಬೀಜಗಳನ್ನೆಲ್ಲ ಕಟ್ಟಿಡುತ್ತಿದ್ದವರು ಮನೆಯ ಹೆಂಗಸರು. ಯಂತ್ರದಿಂದ ರಾಗಿ ಕೊಯ್ಯುವುದು ಶುರುವಾದ ಮೇಲೆ ನಡುವೆ ನಿಂತ ಅವರೆ ತೊಗರಿ ಅಡ್ಡಿಯೆನಿಸಿದವು. ಕೂಲಿಯ ಲೆಕ್ಕದಲ್ಲಿ ಅದು ಸರಿಯೇ. ಅಕ್ಕಡಿ ಉಳಿಯಬೇಕೆಂದು ಲೇಖನ ಬರೆಯುವ ನಮ್ಮಂಥವರು ರಾಗಿ ಕೊಯ್ಯಲು ಹೋಗುವುದಿಲ್ಲವಲ್ಲ.

ಹೊದಿಕೆ ಬೆಳೆ ತಕರಾರಿಲ್ಲದೆ ಹಬ್ಬಿದ ಜಾಗವೂ ನಮ್ಮಲ್ಲಿದೆ. ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಿಗೆ ಹೋದರೆ ಎಳೆ ಮರಗಳ ಬುಡದಲ್ಲಿ ಪ್ಯುರೇರಿಯ ಅಥವಾ ಮ್ಯುಕುನ ಬಳ್ಳಿ ನೆಲ ಕಾಣದಂತೆ ಹಬ್ಬಿರುತ್ತದೆ. ಅಲ್ಲಿನ ಮಳೆಗೆ, ಆ ಗುಡ್ಡದ ಇಳಿಜಾರಿಗೆ ಬರಿ ನೆಲ ಬಿಟ್ಟರೆ ಒಂದೇ ವರ್ಷದಲ್ಲಿ ಮುರಕಲ್ಲು ಕಾಣುತ್ತದೆ, ನಿಜ. ಆದರೆ ಇನ್ನೂ ಕೆಲವು ಕಾರಣಗಳಿವೆ. ತೋಟ ಒಬ್ಬನದೇ, ಮೂವತ್ತು ವರ್ಷದ ಲೆಕ್ಕ. ಮೊದಲ ಆರೇಳು ವರ್ಷ ಹಾಲು ಬರುವುದಿಲ್ಲ, ಕಳೆ ಕೊಯ್ಯುವ ಕೂಲಿ ಮಾತ್ರ ಹೋಗುತ್ತಿರುತ್ತದೆ. ಬಳ್ಳಿ ಹಬ್ಬಿದರೆ ಆ ಕೂಲಿ ಉಳಿಯುತ್ತದೆ. ಈಶಾನ್ಯ ಭಾರತದ ಕಾಡಿನಿಂದ ಬಂದ ಮ್ಯುಕುನ ಬ್ರ್ಯಾಕ್ಟಿಯೇಟವನ್ನು ದನ ಮುಟ್ಟುವುದಿಲ್ಲ. ಎರಿ ಸೀಮೆಯಲ್ಲಿ ಕಥೆ ಉಲ್ಟಾ. ಸುಗ್ಗಿಯ ನಂತರ ಹೊಲವೆಲ್ಲ ಊರ ದನ ಕುರಿಗೆ ಮುಕ್ತ. ಆ ಹೊತ್ತಿನಲ್ಲಿ ಒಬ್ಬನೇ ಹಸಿರು ಬೆಳೆಸಿಟ್ಟರೆ ಅದು ಕುರಿಗೆ ಔತಣ. ಹಾಗೆಂದು ಕುರಿಗೆ ಬೇಲಿ ಹಾಕಿ ಎನ್ನುವಂತೆಯೂ ಇಲ್ಲ, ಏಕೆಂದರೆ ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಮಾಡಿಕೊಳ್ಳಲು ರೈತನೇ ಕುರುಬರಿಗೆ ಕಾಳು, ಹಣ ಕೊಡುತ್ತಾನೆ. ಜೋಳದ ಕಣಿಕಿಯನ್ನು, ಅಂದರೆ ಒಣ ದಂಟನ್ನು, ಹೊಲದಲ್ಲೇ ಹೊದಿಕೆಯಾಗಿ ಬಿಡಿ ಎಂಬ ಸಲಹೆಯೂ ಮೇವಿನ ಕಾರಣಕ್ಕೆ ಬಣವಿಯ ಮುಂದೆ ಸೋಲುತ್ತದೆ. ಬರಗಾಲದಲ್ಲಿ ಕಣಿಕಿ ಬಲು ತುಟ್ಟಿ.

ಗುಂಡ್ಲುಪೇಟೆಯ ಲಾವಂಚದ ಕಥೆಯನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ರಿಚರ್ಡ್ ಗ್ರಿಮ್‌ಶಾ ಮತ್ತು ಜಾನ್ ಗ್ರೀನ್‌ಫೀಲ್ಡ್ ಮಣ್ಣಿನ ಒಡ್ಡಿಗೆ ಬದಲಾಗಿ ಲಾವಂಚದ ಬೇಲಿಯನ್ನು ಜಗತ್ತಿಗೆ ಸಾರಲು ಹೊರಟರು. ಒತ್ತೊತ್ತಾಗಿ ನೆಟ್ಟ ಲಾವಂಚ ನೀರನ್ನು ತಡೆಯುವುದಿಲ್ಲ, ಸೋಸುತ್ತದೆ. ಮಣ್ಣು ಹಿಂದೆ ಕೂರುತ್ತದೆ, ನೀರು ಮುಂದೆ ಹೋಗುತ್ತದೆ. ಇದನ್ನು ಹೊಸದಾಗಿ ಕಂಡುಹಿಡಿಯಬೇಕಿರಲಿಲ್ಲ. ಗುಂಡ್ಲುಪೇಟೆ ಸುತ್ತಿನ ರೈತರು ತಲೆಮಾರುಗಳಿಂದ ಹೊಲದ ಸರಹದ್ದಿಗೆ ಲಾವಂಚ ನೆಟ್ಟುಕೊಂಡೇ ಬಂದಿದ್ದರು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1993ರಲ್ಲಿ ಲಾವಂಚದ ಮೇಲೆಯೇ ಒಂದು ಪುಸ್ತಕ ತಂದಿತು. ಆದರೆ ಯೋಜನೆಗಳು ಲಾವಂಚವನ್ನು ಬೇರೆಡೆಗೆ ಒಯ್ದಾಗ ಆ ಊರಿನಷ್ಟು ಸಲೀಸಾಗಿ ಅದು ಎಲ್ಲೆಡೆ ಬೇರೂರಲಿಲ್ಲ. ಗುಂಡ್ಲುಪೇಟೆಯ ರೈತ ಅದನ್ನು ನೆಟ್ಟದ್ದು ಸವಕಳಿ ತಡೆಯಲೆಂದಲ್ಲ. ಗಡಿ ಜಗಳ ತಪ್ಪಲಿ ಎಂದು, ಎಳೆಯ ಎಲೆ ಕೊಯ್ದು ದನಕ್ಕೆ ಹಾಕಲೆಂದು. ಮಣ್ಣು ಉಳಿದದ್ದು ಜೊತೆಗೆ ಬಂದ ಲಾಭ. ಯೋಜನೆ ಒಯ್ದದ್ದು ಹುಲ್ಲನ್ನು ಮಾತ್ರ. ನೆಡುವುದಕ್ಕಿದ್ದ ಕಾರಣ ಅಲ್ಲೇ ಉಳಿಯಿತು.

ದುಡ್ಡಿರುವ ದೇಶದಲ್ಲಿ ಇದೆಲ್ಲ ಸುಲಭ ಎಂದುಕೊಂಡರೆ ಅದೂ ಸುಳ್ಳು. ಧೂಳಿನ ಬಿರುಗಾಳಿಗಳಿಂದ ಪಾಠ ಕಲಿತು 1935ರಲ್ಲೇ ಮಣ್ಣು ಸಂರಕ್ಷಣೆಗೆ ಪ್ರತ್ಯೇಕ ಇಲಾಖೆ ಮಾಡಿಕೊಂಡ ಅಮೆರಿಕದಲ್ಲಿ 2022ರ ಕೃಷಿ ಗಣತಿಯ ಪ್ರಕಾರ ಹೊದಿಕೆ ಬೆಳೆ ಇದ್ದದ್ದು ಸುಮಾರು 1.8 ಕೋಟಿ ಎಕರೆಯಲ್ಲಿ, ಒಟ್ಟು ಸಾಗುವಳಿ ಭೂಮಿಯ ನೂರಕ್ಕೆ ಐದೂ ಇಲ್ಲ. ಅಲ್ಲಿಂದ ನಾವು ಎತ್ತಿಕೊಳ್ಳಬಹುದಾದ ಒಂದು ವಿಚಾರ ಅಯೋವಾ ರಾಜ್ಯದ್ದು. ಚಳಿಗಾಲದಲ್ಲಿ ಹೊದಿಕೆ ಬೆಳೆ ಹಾಕಿದವರಿಗೆ ಮುಂದಿನ ಹಂಗಾಮಿನ ಬೆಳೆ ವಿಮೆ ಕಂತಿನಲ್ಲಿ ಎಕರೆಗೆ 5 ಡಾಲರ್ ಕಡಿತ, 2017ರಿಂದ. ಮೊತ್ತ ದೊಡ್ಡದಲ್ಲ. ಆದರೆ ಮಣ್ಣು ಮುಚ್ಚಿದವನ ಅಪಾಯದಲ್ಲಿ ಸರ್ಕಾರವೂ ಒಂದು ಪಾಲು ಹೊರುತ್ತದೆ ಎಂಬ ತತ್ವ ಅದರಲ್ಲಿದೆ.

ಕರ್ನಾಟಕ ಈ ದಾರಿಯಲ್ಲಿ ಏನೂ ಮಾಡಿಲ್ಲವೆಂದಲ್ಲ. 2001ರಲ್ಲಿ ಶುರುವಾದ ಸುಜಲ ಜಲಾನಯನ ಯೋಜನೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಊರಿನವರನ್ನೇ ಕೂರಿಸಿಕೊಂಡು ನಕ್ಷೆ ಹಾಕಿತು, ರೈತರಿಂದ ವಂತಿಗೆ ಪಡೆಯಿತು. 2009ರ ಭೂಚೇತನ ಯೋಜನೆಯಲ್ಲಿ ನನಗೆ ಮೆಚ್ಚಿಗೆಯಾದದ್ದು ಮಣ್ಣು ಪರೀಕ್ಷೆಗಿಂತ ‘ಅನುವುಗಾರ’ ಎಂಬ ವ್ಯವಸ್ಥೆ. ಊರಿನದೇ ಒಬ್ಬ ರೈತ, ಬಿತ್ತನೆಯ ಹೊತ್ತಿನಲ್ಲಿ ಹೊಲಕ್ಕೆ ಬಂದು ನಿಲ್ಲುತ್ತಿದ್ದವನು, ಸತು, ಜಿಪ್ಸಂ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಧ ಬೆಲೆಗೆ ಸಿಗುತ್ತದೆಂದು ತಿಳಿಸುತ್ತಿದ್ದವನು. ಉದ್ಯೋಗ ಖಾತ್ರಿಯಲ್ಲಿ ತೆಗೆದ ಕಂದಕ ಬದುಗಳು ಕೆಂಪು ನೆಲದಲ್ಲಿ ಬಹಳ ಕಡೆ ಚೆನ್ನಾಗಿ ನಿಂತಿವೆ, ಕೂಲಿಯೂ ಊರಿಗೇ ಸಂದಿದೆ. ಆದರೆ ಈ ಯೋಜನೆಗಳ ಕಣ್ಣು ಸಾಮಾನ್ಯವಾಗಿ ಅಗೆದದ್ದರ ಮೇಲೆ. ಅಗೆದದ್ದಕ್ಕೆ ಅಳತೆ ಇದೆ, ಫೋಟೊ ಇದೆ, ಬಿಲ್ಲು ಇದೆ. ಎರಡು ತಿಂಗಳು ಬೆಳೆದು ಮಣ್ಣಿಗೆ ಸೇರಿಹೋಗುವ ಹಸಿರಿಗೆ ಮಾಪನ ಪುಸ್ತಕದಲ್ಲಿ ಜಾಗವಿಲ್ಲ.

ಜಾಗ ಮಾಡುವುದು ಅಸಾಧ್ಯವೇನಲ್ಲ. ಸೆಣಬಿನ, ಹೆಸರಿನ ಬೀಜ ಮೇ ಕೊನೆಗೆ ರೈತ ಸಂಪರ್ಕ ಕೇಂದ್ರದಲ್ಲಿರಬೇಕು. ಜುಲೈಯಲ್ಲಿ ಬಂದ ರಿಯಾಯಿತಿ ಬೀಜ ಗೋದಾಮಿಗೆ ಮಾತ್ರ ಉಪಯೋಗ. ಉಪಕರಣ ಬಾಡಿಗೆಗೆ ಕೊಡುವ ಯಂತ್ರಧಾರೆ ಕೇಂದ್ರಗಳಲ್ಲಿ ಚೌಕು ಮಡಿ ಎಳೆಯುವ, ಹಸಿರೆಲೆ ಮುರಿಯುವ ಉಪಕರಣ ಬೇಕಾದ ಹೊತ್ತಿಗೆ ಸಿಗಬೇಕು, ಇಳಿಜಾರಿಗೆ ಅಡ್ಡ ಹೊಡೆಯುವವನಿಗೆ ಬಾಡಿಗೆ ಕಡಿಮೆಯಾಗಬೇಕು. ಮಳೆ ಕೈಕೊಟ್ಟ ವರ್ಷ ಸೆಣಬು ಬಿತ್ತಿದವನ ಜೋಳಕ್ಕೆ ವಿಮೆಯಲ್ಲಿ ಹೆಚ್ಚಿನ ರಕ್ಷಣೆ ಸಿಗಬೇಕು.

ಇದೆಲ್ಲ ಮಾಡಿದರೂ ಒಂದು ಗಂಟು ಉಳಿಯುತ್ತದೆ, ಅದು ಲಾವಣಿ ಹೊಲ, ಅಂದರೆ ಗೇಣಿಗೆ ಕೊಟ್ಟದ್ದು. 1974ರ ಭೂ ಸುಧಾರಣೆ ತಿದ್ದುಪಡಿಯ ನಂತರ ರಾಜ್ಯದಲ್ಲಿ ಗೇಣಿ ಕೊಡುವುದು ಕೆಲವು ವಿನಾಯಿತಿ ಬಿಟ್ಟರೆ ಕಾನೂನಿಗೆ ಒಪ್ಪಿಗೆಯಿಲ್ಲ. ಗೇಣಿ ನಿಂತಿಲ್ಲ, ಕಾಗದ ಮಾತ್ರ ನಿಂತಿದೆ. ಹೊಲದ ಒಡೆಯ ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ಇರುತ್ತಾನೆ. ಬಾಯಿಮಾತಿನ ಮೇಲೆ ವರ್ಷಕ್ಕಿಷ್ಟು ಎಂದು ಲಾವಣಿ ಹಾಕಿಕೊಂಡವನು ಹೊಲ ಮಾಡುತ್ತಾನೆ. ಮುಂದಿನ ಯುಗಾದಿಗೆ ಹೊಲ ತನ್ನ ಕೈಯಲ್ಲಿರುತ್ತದೋ ಇಲ್ಲವೋ ಎಂಬ ಖಾತ್ರಿಯಿಲ್ಲದವನು ಮೂರನೆಯ ವರ್ಷಕ್ಕೆ ಫಲ ಕೊಡುವ ಕೆಲಸ ಏಕೆ ಮಾಡುತ್ತಾನೆ? ಮಾಡಬೇಕೆಂದರೂ ಸಹಾಯಧನದ ಅರ್ಜಿಗೆ ಉತಾರ (ಪಹಣಿ) ಬೇಕು, ಉತಾರದಲ್ಲಿ ಹೆಸರು ಪುಣೆಯವನದು. ಹಣ ಬಂದರೆ ಅವನ ಖಾತೆಗೆ.

ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ಬೆಳೆ ಸಮೀಕ್ಷೆಗೆಂದು ಮುಂಗಾರಿನಲ್ಲಿ ಸರ್ವೆ ನಂಬರ್‌ವಾರು ಹೊಲದ ಫೋಟೊ ಮೊಬೈಲ್ ಆ್ಯಪಿನಲ್ಲಿ ಹೇಗೂ ತೆಗೆಯುತ್ತಾರೆ. ಆಗಸ್ಟಿನಲ್ಲಿ ಹೊಲ ಹಸಿರಾಗಿದೆಯೋ ಬೋಳಾಗಿದೆಯೋ ಎಂದು ಆ ಫೋಟೊ ಹೇಳುತ್ತದೆ. ಅನುಮಾನವಿದ್ದರೆ ಉಪಗ್ರಹದ ಚಿತ್ರವೂ ಹೇಳುತ್ತದೆ. ಉತಾರ ಯಾರದೆಂದು ಕೇಳುವ ಬದಲು ಬಿತ್ತಿದವನು ಯಾರೆಂದು ಊರಿನ ಅನುವುಗಾರನಂಥವನಿಂದ ಬರೆಸಿಕೊಂಡು, ಎಕರೆಗೆ ಬೀಜದ ಖರ್ಚು ಮತ್ತು ಒಂದು ಸಲದ ರೋಟಾವೇಟರ್ ಬಾಡಿಗೆಯಷ್ಟನ್ನು ಅವನ ಖಾತೆಗೆ ಹಾಕುವುದನ್ನು ಒಂದು ಹೋಬಳಿಯಲ್ಲಿ ಐದು ವರ್ಷ ಮಾಡಿ ನೋಡಬಹುದು. ಒಂದೇ ವರ್ಷ ಮಾಡಿ ಬಿಟ್ಟರೆ ಹಣ ದಂಡ, ಸೆಣಬು ಕೊಳೆತು ನೆಲದ ಬಣ್ಣ ಬದಲಾಗುವುದಕ್ಕೂ ಹಲವು ಮಳೆಗಾಲ ಬೇಕು.